ಗಣಿ ಕಾರ್ಮಿಕರ ಪ್ರಾಣಬಂಧು ಜಾನ್ ಸ್ಕಾಟ್ ಹಾಲ್ಡೇನ್

ಬಹುಕಾಲ ಬಳಸದೆ ಬಿಟ್ಟ ಬಾವಿಗೆ ಹೂಳೆತ್ತಲು ಇಳಿಯುವ ಮುನ್ನ ನಮ್ಮ ಹಳ್ಳಿಗಳ ಹಿರಿಯರು ಒಂದು ಕೆಲಸ ಮಾಡುತ್ತಿದ್ದರು. ಹೊತ್ತಿಸಿದ ಲಾಂದ್ರವನ್ನು ಹಗ್ಗಕ್ಕೆ ಕಟ್ಟಿ ಮೆಲ್ಲನೆ ಕೆಳಗೆ ಬಿಡುತ್ತಿದ್ದರು. ದೀಪ ಉರಿಯುತ್ತಲೇ ಇದ್ದರೆ ಆಳು ಇಳಿಯಬಹುದು. ದೀಪ ನಂದಿದರೆ ಯಾರೂ ಇಳಿಯಕೂಡದು. ಒಳಗೆ ಗಾಳಿ ಕೆಟ್ಟಿದೆ ಎಂದು ಕೆಲವರು ಹೇಳುತ್ತಿದ್ದರು. ಭೂತವಿದೆ ಎಂದು ಹೇಳುವವರೂ ಇದ್ದರು. ಆ ಕೆಟ್ಟ ಗಾಳಿ ಎಂದರೆ ಏನು? ಅದು ದೀಪವನ್ನು ಏಕೆ ನಂದಿಸುತ್ತದೆ? ದೀಪ ಹೇಳುವ ಮಾತು ಯಾವಾಗಲೂ ನಿಜವೇ? ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ನೆಲದಡಿಯ ಗಣಿಗಳಿಗೆ ಇಳಿದು, ತನ್ನ ಪ್ರಾಣವನ್ನೇ ಒತ್ತೆಯಿಟ್ಟು, ಸುಮಾರು ಐವತ್ತು ವರ್ಷ ದುಡಿದ ಒಬ್ಬ ಮಹನೀಯರಿದ್ದರು. ಅವರೇ ಜಾನ್ ಸ್ಕಾಟ್ ಹಾಲ್ಡೇನ್.

ಕನ್ನಡ ಪಾಠ ಹೇಳುವ ನಾವು ವಿಜ್ಞಾನಿಯೊಬ್ಬರ ಚರಿತ್ರೆಯನ್ನು ಏಕೆ ಬರೆಯಹೊರಟೆವು ಎಂದು ವಿದ್ಯಾರ್ಥಿಗಳು ಕೇಳಬಹುದು. ನಮ್ಮ ಹೊಸೂರು ಸೀಮೆಗೆ ಕೋಲಾರದ ಚಿನ್ನದ ಗಣಿ ದೂರವೇನಲ್ಲ. ಗಣಿಯಲ್ಲಿ ದುಡಿದವರ ಕಥೆಗಳನ್ನು ನಾವು ಚಿಕ್ಕಂದಿನಲ್ಲಿ ಕನ್ನಡದಲ್ಲಿಯೂ ಕೇಳಿದ್ದೇವೆ, ತಮಿಳಿನಲ್ಲಿಯೂ ಕೇಳಿದ್ದೇವೆ. ಇಂದೂ ನಮ್ಮ ಸುತ್ತಿನ ಗುಡ್ಡಗಳಲ್ಲಿ ಕಲ್ಲು ಒಡೆಯುವ, ಕಲ್ಲು ಕೊರೆಯುವ ಕೆಲಸ ನಡೆದೇ ಇದೆ. ಸಂಜೆ ಮನೆಗೆ ಬರುವಾಗ ತಂದೆಯ ಹುಬ್ಬು ಮೀಸೆಗಳೆಲ್ಲ ಬೆಳ್ಳಗಾಗಿರುವುದನ್ನು ಕಂಡ ಮಕ್ಕಳು ನಮ್ಮ ತರಗತಿಗಳಲ್ಲಿ ಕುಳಿತಿದ್ದಾರೆ. ಆದುದರಿಂದ ಇದು ಕೇವಲ ಪರದೇಶದ ಕಥೆಯಲ್ಲ.

ಹಾಲ್ಡೇನರು ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ 1860ರ ಮೇ 2ರಂದು ಜನಿಸಿದರು. ಅವರದು ಹೆಸರಾಂತ ಮನೆತನ. ಅಣ್ಣ ರಿಚರ್ಡ್ ಹಾಲ್ಡೇನ್ ಮುಂದೆ ಬ್ರಿಟನ್ನಿನ ಯುದ್ಧಮಂತ್ರಿಯೂ ಲಾರ್ಡ್ ಚಾನ್ಸಲರೂ ಆದವರು. ಸುಖವಾಗಿ ಕಾಲ ಕಳೆಯಲು ತಮ್ಮನಿಗೆ ಯಾವ ಅಡ್ಡಿಯೂ ಇರಲಿಲ್ಲ. 1884ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ಪಡೆದ ಮೇಲೆ ಔಷಧಾಲಯ ತೆರೆದು ಹಣ ಗಳಿಸಬಹುದಾಗಿತ್ತು. ಆದರೆ ಅವರ ಮನಸ್ಸು ಬೇರೆ ಕಡೆಗೆ ಎಳೆಯಿತು. ಜನರು ದಿನನಿತ್ಯ ಉಸಿರಾಡುವ ಗಾಳಿಯನ್ನೇ ಅವರು ಅಭ್ಯಾಸದ ವಿಷಯವಾಗಿ ಆರಿಸಿಕೊಂಡರು.

ಡಂಡೀ ಎಂಬ ಊರಿನಲ್ಲಿ ಅವರ ಕೆಲಸ ಆರಂಭವಾಯಿತು. ಜೊತೆಗಾರರೊಡನೆ ನಡುರಾತ್ರಿ ಎದ್ದು, ಬಡವರ ಒಂದೇ ಕೋಣೆಯ ಮನೆಗಳಿಗೆ ಹೋಗಿ, ಮನೆಮಂದಿಯೆಲ್ಲ ಒತ್ತೊತ್ತಾಗಿ ಮಲಗಿರುವಾಗ ಅಲ್ಲಿನ ಗಾಳಿಯನ್ನು ಸೀಸೆಗಳಲ್ಲಿ ತುಂಬಿ ತಂದು ಪರೀಕ್ಷಿಸಿದರು. ಶಾಲೆಗಳ ಕೊಠಡಿಗಳ ಗಾಳಿಯನ್ನೂ ಹೀಗೆಯೇ ಅಳೆದರು. ಗಾಳಿ ಆಡದ ಕೋಣೆಯಲ್ಲಿ ಜನ ಹೆಚ್ಚಾದಷ್ಟೂ ಕಲ್ಮಷವೂ ಸೂಕ್ಷ್ಮಜೀವಿಗಳೂ ಹೆಚ್ಚುವುದನ್ನು ಅಂಕಿಗಳ ಸಹಿತ ತೋರಿಸಿದರು. ಈ ವರದಿ 1887ರಲ್ಲಿ ಪ್ರಕಟವಾಯಿತು. ಅದೇ ವರ್ಷ ಅವರು ಆಕ್ಸ್‌ಫರ್ಡಿಗೆ ಹೋದರು. ಅವರ ಸೋದರಮಾವ ಬರ್ಡನ್ ಸ್ಯಾಂಡರ್‌ಸನ್ ಅಲ್ಲಿ ಶರೀರಕ್ರಿಯಾ ವಿಜ್ಞಾನದ ಪ್ರಾಧ್ಯಾಪಕರಾಗಿದ್ದರು. ಆ ಊರೇ ಹಾಲ್ಡೇನರ ಕಡೆಯವರೆಗಿನ ನೆಲೆಯಾಯಿತು.

ಆ ಕಾಲದಲ್ಲಿ ಬ್ರಿಟನ್ನಿನ ರೈಲು, ಹಡಗು, ಕಾರ್ಖಾನೆಗಳೆಲ್ಲವೂ ಕಲ್ಲಿದ್ದಲಿನಿಂದಲೇ ನಡೆಯುತ್ತಿದ್ದವು. ಆ ಕಲ್ಲಿದ್ದಲನ್ನು ಅಗೆದು ತರುತ್ತಿದ್ದವರ ಬಾಳು ಮಾತ್ರ ದಿನವೂ ತೂಗುಯ್ಯಾಲೆ. ಗಣಿಯ ಜನರು ಅಲ್ಲಿನ ಕೆಟ್ಟ ಗಾಳಿಗಳಿಗೆ ತಮ್ಮದೇ ಹೆಸರುಗಳನ್ನು ಇಟ್ಟಿದ್ದರು. ಕನ್ನಡದಲ್ಲಿ ನಾವು ಅವನ್ನು ಉರಿಗಾಳಿ, ಕಪ್ಪುಗಾಳಿ, ಬಿಳಿಗಾಳಿ, ಸ್ಫೋಟದ ಹಿಂದಿನಿಂದ ಬರುವ ಹಿಂಗಾಳಿ ಎಂದು ಕರೆಯಬಹುದು. ಉರಿಗಾಳಿ ಎಂದರೆ ಮೀಥೇನ್ ಎಂಬುದು ಆಗಲೇ ತಿಳಿದಿತ್ತು. ಕಪ್ಪುಗಾಳಿಯ ಗುಟ್ಟನ್ನು ಬಿಡಿಸಿದವರು ಹಾಲ್ಡೇನರು. ಅದರಲ್ಲಿ ನೂರಕ್ಕೆ ಸುಮಾರು 87 ಪಾಲು ಸಾರಜನಕ, ಉಳಿದದ್ದು ಇಂಗಾಲದ ಡೈ ಆಕ್ಸೈಡ್ ಎಂದು ಅವರು ತೋರಿಸಿದರು. ಕಲ್ಲಿದ್ದಲು, ಮಣ್ಣು, ಕೊಳೆಯುವ ಮರ ಇವು ಗಾಳಿಯ ಆಮ್ಲಜನಕವನ್ನು ಮೆಲ್ಲಮೆಲ್ಲಗೆ ನುಂಗಿ ಉಳಿಸಿದ ಎಂಜಲು ಅದು. ನಮ್ಮ ಹಾಳುಬಾವಿಯ ಭೂತವೂ ಇದರ ಬಳಗವೇ. ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ ಸುಮಾರು 21 ಪಾಲು. ಅದು 17ರ ಆಸುಪಾಸಿಗೆ ಇಳಿದರೆ ದೀಪ ನಂದುತ್ತದೆ. ಮನುಷ್ಯ ಇನ್ನೂ ಸ್ವಲ್ಪ ತಾಳಬಲ್ಲ. ಹಾಗಾಗಿ ದೀಪವು ಮನುಷ್ಯನಿಗಿಂತ ಮೊದಲೇ ಸೋತು ಅವನನ್ನು ಎಚ್ಚರಿಸುತ್ತದೆ. ನಮ್ಮ ಹಿರಿಯರ ರೂಢಿಯಲ್ಲಿ ವಿಜ್ಞಾನವಿತ್ತು.

ಆದರೆ ಬಿಳಿಗಾಳಿಯ ಮುಂದೆ ದೀಪದ ಆಟ ನಡೆಯದು. ಇದು ಇಂಗಾಲದ ಮಾನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಮನುಷ್ಯನನ್ನು ಕೊಲ್ಲುವಷ್ಟು ಇದ್ದರೂ ದೀಪ ಎಂದಿನಂತೆ ಉರಿಯುತ್ತಲೇ ಇರುತ್ತದೆ. ಕೈಯಲ್ಲಿ ಉರಿಯುವ ದೀಪವನ್ನು ಹಿಡಿದೇ ಸತ್ತು ಬಿದ್ದ ಕಾರ್ಮಿಕರು ಎಷ್ಟೋ ಮಂದಿ. ಈ ವಿಷದ ರೀತಿ ತಿಳಿಯಲು ಹಾಲ್ಡೇನರು ಬೇರೆ ಯಾರನ್ನೂ ಅಪಾಯಕ್ಕೆ ಒಡ್ಡಲಿಲ್ಲ. ತಮ್ಮ ಪ್ರಯೋಗಾಲಯದಲ್ಲಿ ತಾವೇ ಕುಳಿತು ಅಳತೆ ಮಾಡಿದ ಮಾನಾಕ್ಸೈಡನ್ನು ಉಸಿರಾಡಿದರು. ನಡುನಡುವೆ ತಮ್ಮ ಬೆರಳಿನಿಂದ ರಕ್ತದ ಹನಿ ತೆಗೆದು, ಅದರಲ್ಲಿ ಎಷ್ಟು ಪಾಲು ವಿಷ ಸೇರಿದೆ ಎಂದು ಲೆಕ್ಕ ಹಾಕಿದರು. ಒಂದು ಪ್ರಯೋಗ ಒಂದು ಗಂಟೆಯನ್ನೂ ಮೀರಿ ನಡೆಯಿತು. ರಕ್ತದ ಅರ್ಧಕ್ಕೂ ಹೆಚ್ಚು ಪಾಲು ವಿಷಕ್ಕೆ ವಶವಾಯಿತು. ಕಣ್ಣು ಮಂಜಾಯಿತು, ಕಾಲು ನಿಲ್ಲದಾಯಿತು, ಬುದ್ಧಿ ಮಬ್ಬಾಯಿತು. ಆ ಸ್ಥಿತಿಯಲ್ಲಿಯೂ ತಮಗಾದುದನ್ನೆಲ್ಲ ಗುರುತು ಮಾಡಿಟ್ಟುಕೊಂಡರು. 1895ರಲ್ಲಿ ಈ ಫಲಿತಾಂಶವನ್ನು ಪ್ರಕಟಿಸಿದರು. ರಕ್ತದಲ್ಲಿ ಆಮ್ಲಜನಕವನ್ನು ಹೊತ್ತೊಯ್ಯುವ ಹಿಮೋಗ್ಲೋಬಿನ್ ಎಂಬ ವಸ್ತುವು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಮಾನಾಕ್ಸೈಡನ್ನು ಹಿಡಿದುಕೊಳ್ಳುತ್ತದೆ. ಬಂಡಿಯಲ್ಲಿ ಬೇಡದವನು ಬಂದು ಕುಳಿತರೆ ಬೇಕಾದವನಿಗೆ ಜಾಗವೆಲ್ಲಿ? ಸುತ್ತಲೂ ಪ್ರಾಣವಾಯುವಿದ್ದರೂ ದೇಹ ಉಸಿರಿಲ್ಲದೆ ಸಾಯುತ್ತದೆ.

ಮರುವರ್ಷವೇ ಈ ಜ್ಞಾನದ ಅಗ್ನಿಪರೀಕ್ಷೆ ನಡೆಯಿತು. 1896ರ ಜನವರಿ 27ರಂದು ವೇಲ್ಸ್ ಪ್ರಾಂತದ ಟೈಲರ್ಸ್‌ಟೌನ್ ಕಲ್ಲಿದ್ದಲು ಗಣಿಯಲ್ಲಿ ಸ್ಫೋಟವಾಗಿ 57 ಮಂದಿ ಮಡಿದರು. ಹಾಲ್ಡೇನರು ಅಲ್ಲಿಗೆ ಧಾವಿಸಿ, ಗಣಿಗೆ ಇಳಿದು, ಮಡಿದವರ ದೇಹಗಳನ್ನು ಪರೀಕ್ಷಿಸಿದರು. ಸ್ಫೋಟದ ಹೊಡೆತಕ್ಕೆ, ಬೆಂಕಿಗೆ ಸಿಕ್ಕಿ ಸತ್ತಿರಬೇಕೆಂಬುದು ಸಾಮಾನ್ಯ ನಂಬಿಕೆ. ಆದರೆ ಹೆಚ್ಚಿನವರ ದೇಹದಲ್ಲಿ ಅಂಥ ಗಾಯವಿರಲಿಲ್ಲ. ಮುಖ ಕೈಗಳು ಜೀವವಿದ್ದವರ ಹಾಗೆ ಕೆಂಪಾಗಿದ್ದವು. ಮಾನಾಕ್ಸೈಡ್ ಸೇರಿದ ರಕ್ತಕ್ಕೆ ಆ ಬಣ್ಣವೆಂದು ಹಾಲ್ಡೇನರಿಗೆ ತಮ್ಮ ರಕ್ತದಿಂದಲೇ ಗೊತ್ತಿತ್ತು. ಸ್ಫೋಟದಲ್ಲಿ ಉಳಿದು, ಎದ್ದು, ದಾರಿ ಹುಡುಕಿ ನಡೆದು ಬರುತ್ತಿದ್ದವರನ್ನು ಹಿಂಗಾಳಿಯಲ್ಲಿದ್ದ ಮಾನಾಕ್ಸೈಡ್ ಕೊಂದಿತ್ತು.

ವಿದ್ಯಾರ್ಥಿಗಳೇ, ಈ ಮಾತಿನ ಅರ್ಥವನ್ನು ನಿಂತು ಯೋಚಿಸಿ. ಬೆಂಕಿಯಿಂದ ಸತ್ತರು ಎಂದು ತಿಳಿದಿದ್ದವರೆಗೆ ಅದು ವಿಧಿ ಎಂದು ಕೈಚೆಲ್ಲಬಹುದಿತ್ತು. ಗಾಳಿಯಿಂದ ಸತ್ತರು ಎಂದು ತಿಳಿದ ಕ್ಷಣದಿಂದ ಅವರನ್ನು ಉಳಿಸಬಹುದಾಗಿತ್ತು ಎಂಬುದೂ ತಿಳಿಯಿತು. ಸಾವಿನ ನಿಜವಾದ ಕಾರಣ ತಿಳಿಯುವುದು ಸತ್ತವರಿಗಾಗಿ ಅಲ್ಲ, ನಾಳೆ ಗಣಿಗೆ ಇಳಿಯುವವರಿಗಾಗಿ. ಕಲ್ಲಿದ್ದಲು ಗಣಿಗಳ ಸ್ಫೋಟ ಮತ್ತು ಬೆಂಕಿಯಲ್ಲಿ ಸಾವಿಗೆ ಕಾರಣವೇನು ಎಂಬ ಅವರ ವರದಿ ಆ ವರ್ಷವೇ ಬ್ರಿಟಿಷ್ ಸರ್ಕಾರದ ಗೃಹಮಂತ್ರಿಗೆ ಸಲ್ಲಿತು.

ದೀಪ ಹೇಳದ ಸುದ್ದಿಯನ್ನು ಮತ್ತಾರು ಹೇಳಬೇಕು? ಅದಕ್ಕೂ ಹಾಲ್ಡೇನರೇ ಉತ್ತರ ಕೊಟ್ಟರು. ಚಿಕ್ಕ ಪ್ರಾಣಿಗಳ ಉಸಿರಾಟ, ರಕ್ತದ ಓಟ ನಮಗಿಂತ ಬಹು ಚುರುಕು. ವಿಷಗಾಳಿಯಲ್ಲಿ ಅವು ಮನುಷ್ಯನಿಗಿಂತ ಎಷ್ಟೋ ನಿಮಿಷ ಮೊದಲೇ ಕುಸಿಯುತ್ತವೆ. ಅಷ್ಟು ಹೊತ್ತಿನಲ್ಲಿ ಮನುಷ್ಯ ಹಿಂದಿರುಗಬಹುದು. ಮೊದಲು ಅವರು ಇಲಿಯನ್ನು ಸೂಚಿಸಿದರು. ಬಳಿಕ ಕೆನರಿ ಎಂಬ ಪುಟ್ಟ ಹಳದಿ ಹಕ್ಕಿಯೇ ಮೇಲೆಂದು ಕಂಡುಬಂತು. ಇಲಿ ಮುದುಡಿ ಕುಳಿತರೆ ಅದು ನಿದ್ದೆಯೋ ವಿಷವೋ ತಿಳಿಯದು. ಹಕ್ಕಿ ಕಂಬಿಯಿಂದ ಬಿದ್ದರೆ ಎಲ್ಲರಿಗೂ ಕಾಣುತ್ತದೆ. ಹೀಗೆ ಕೆನರಿ ಹಕ್ಕಿ ರಕ್ಷಣಾದಳದವರ ಜೊತೆಗಾತಿಯಾಯಿತು. ಬಿದ್ದ ಹಕ್ಕಿಗೆ ಕೂಡಲೇ ಆಮ್ಲಜನಕ ಕೊಟ್ಟು ಬದುಕಿಸುವ ಪಂಜರಗಳೂ ಬಂದವು. ಬ್ರಿಟನ್ನಿನ ಗಣಿಗಳಲ್ಲಿ ಈ ಹಕ್ಕಿಗಳ ಸೇವೆ ಮುಗಿಸಲು ಸರ್ಕಾರ ತೀರ್ಮಾನಿಸಿದ್ದು 1986ರಲ್ಲಿ. ಅವುಗಳ ಜಾಗಕ್ಕೆ ವಿದ್ಯುತ್ ಯಂತ್ರಗಳು ಬಂದವು.

ಹಾಲ್ಡೇನರ ಮನೆಯವರೂ ಈ ವ್ರತದಲ್ಲಿ ಪಾಲುಗಾರರಾಗಿದ್ದರು. ಗಣಿ ದುರಂತದ ಸುದ್ದಿ ಬಂದೊಡನೆ ಅವರು ಹೊರಟುಬಿಡುತ್ತಿದ್ದರು. ಮೇಲೆ ಬಂದ ಮೇಲೆ ತಾವು ಕ್ಷೇಮವೆಂದು ಪತ್ನಿ ಕ್ಯಾಥಲೀನರಿಗೆ ತಂತಿ ಕಳಿಸುತ್ತಿದ್ದರು. ಮಾನಾಕ್ಸೈಡ್ ತಲೆಗೇರಿ, ತಂತಿ ಕಳಿಸಿದ್ದನ್ನೇ ಮರೆತು ಮತ್ತೆ ಮತ್ತೆ ಅದೇ ತಂತಿ ಕಳಿಸಿದ್ದೂ ಉಂಟಂತೆ. ನಗು ತರಿಸುವ ಈ ಸಂಗತಿಯ ಹಿಂದೆ ಮನೆಯಲ್ಲಿ ಕಾದು ಕುಳಿತ ಹೆಣ್ಣುಮಗಳ ಕಳವಳವನ್ನೂ ನಾವು ನೆನೆಯಬೇಕು. ಮಗ ಜ್ಯಾಕ್ ಚಿಕ್ಕವನಿರುವಾಗಲೇ ತಂದೆ ಅವನನ್ನು ಗಣಿಯೊಂದಕ್ಕೆ ಕರೆದೊಯ್ದರು. ಉರಿಗಾಳಿ ಸೇರಿಕೊಂಡ ಒಂದು ಮೂಲೆಯಲ್ಲಿ ಎದ್ದುನಿಂತು ಷೇಕ್ಸ್‌ಪಿಯರನ ನಾಟಕದ ಭಾಷಣವೊಂದನ್ನು ಒಪ್ಪಿಸಲು ಹೇಳಿದರು. ಹುಡುಗ ಒಪ್ಪಿಸತೊಡಗಿ, ಏದುಸಿರು ಬಿಟ್ಟು, ಕಾಲು ಸೋತು ಕುಸಿದ. ನೆಲದ ಬಳಿ ಗಾಳಿ ಚೆನ್ನಾಗಿತ್ತು, ಉಸಿರು ಮರಳಿತು. ಮೀಥೇನ್ ಗಾಳಿಗಿಂತ ಹಗುರ, ಅದು ಮೇಲೆ ನಿಲ್ಲುತ್ತದೆ ಎಂಬ ಪಾಠವನ್ನು ಅವನು ಜೀವಮಾನದಲ್ಲಿ ಮರೆಯಲಿಲ್ಲ. ಇಂಥ ಪಾಠಕ್ರಮವನ್ನು ನಾವು ಯಾವ ಗುರುವಿಗೂ ಶಿಫಾರಸು ಮಾಡಲಾರೆವು!

ಕಲ್ಲಿದ್ದಲಿನಿಂದ ಅವರ ಗಮನ ಕಾರ್ನ್‌ವಾಲ್ ಪ್ರಾಂತದ ತವರದ ಗಣಿಗಳ ಕಡೆಗೆ ಹರಿಯಿತು. ಅಲ್ಲಿನ ಡಾಲ್‌ಕೋತ್ ಗಣಿಯ ಕಾರ್ಮಿಕರು ರಕ್ತಹೀನರಾಗಿ ಬಿಳಿಚಿಕೊಳ್ಳುತ್ತಿದ್ದರು. ಗಾಳಿಯದೇ ದೋಷವೆಂದು ಎಲ್ಲರೂ ಊಹಿಸಿದ್ದರು. ಗಾಳಿಯ ತಜ್ಞರಾದ ಹಾಲ್ಡೇನರೇ 1902ರಲ್ಲಿ ಅದು ಗಾಳಿಯ ದೋಷವಲ್ಲ, ಕೊಕ್ಕೆಹುಳುವಿನ ಬಾಧೆ ಎಂದು ತೋರಿಸಿದರು. ಗಣಿಯೊಳಗೆ ಶೌಚದ ವ್ಯವಸ್ಥೆಯಿಲ್ಲದೆ ಬೆಚ್ಚನೆಯ ಒದ್ದೆ ನೆಲದಲ್ಲಿ ಹುಳು ಹರಡಿತ್ತು. ಬರಿಗಾಲಲ್ಲಿ ಹೊಲಗದ್ದೆ ತುಳಿಯುವ ನಮ್ಮ ಮಕ್ಕಳಿಗೂ ಈ ಹುಳು ಅಪರಿಚಿತವಲ್ಲ. ಔಷಧದಷ್ಟೇ ಪಾಯಖಾನೆಯೂ ಕಾಲಿನ ಮೆಟ್ಟೂ ಮುಖ್ಯ ಎಂಬ ಪಾಠ ನಮಗೂ ಸಲ್ಲುತ್ತದೆ.

ಅದೇ ಗಣಿಗಳಲ್ಲಿ ಇನ್ನೊಂದು ಶತ್ರುವಿತ್ತು. ಯಂತ್ರದಿಂದ ಗಟ್ಟಿ ಕಲ್ಲನ್ನು ಕೊರೆಯುವವರು ಎಳೆಯ ವಯಸ್ಸಿನಲ್ಲಿಯೇ ಎದೆಯ ಕಾಯಿಲೆಯಿಂದ ಸಾಯುತ್ತಿದ್ದರು. ಕಲ್ಲಿನ ಸಿಲಿಕಾ ಧೂಳು ಶ್ವಾಸಕೋಶದಲ್ಲಿ ನೆಲೆಸಿ ಅದನ್ನು ಗಡುಸಾಗಿಸುತ್ತದೆ. ಆ ಮೇಲೆ ಕ್ಷಯ ಸುಲಭವಾಗಿ ಹತ್ತುತ್ತದೆ. 1904ರ ವರದಿಯಲ್ಲಿ ಹಾಲ್ಡೇನರು ಈ ಧೂಳನ್ನೇ ಹೊಣೆಯಾಗಿಸಿದರು. ಅವರು ಹೇಳಿದ ಪರಿಹಾರ ದುಬಾರಿಯದಲ್ಲ: ಕೊರೆಯುವ ತೂತಿಗೆ ನೀರು ಬಿಡಿ, ಧೂಳು ಏಳದಂತೆ ನೋಡಿಕೊಳ್ಳಿ. ಒಂದು ಶತಮಾನ ಕಳೆದ ಮೇಲೂ ಕಲ್ಲಿನ ಕೆಲಸ ನಡೆಯುವಲ್ಲೆಲ್ಲ ಈ ಮಾತು ಹೊಸದಾಗಿಯೇ ಇದೆ. ಬಟ್ಟೆಯಿಂದ ಮೂಗು ಕಟ್ಟಿದರೆ ಸಾಲದು. ಅತಿ ಸಣ್ಣ ಧೂಳು ಬಟ್ಟೆಯನ್ನು ದಾಟುತ್ತದೆ. ಪಾಲಕರು ಈ ಸಾಲುಗಳನ್ನು ಮತ್ತೊಮ್ಮೆ ಓದಬೇಕೆಂದು ಬೇಡುತ್ತೇವೆ.

ಅವರ ಉಳಿದ ಸಾಧನೆಗಳನ್ನು ಇಲ್ಲಿ ಹೆಸರಿಸಬಹುದಷ್ಟೇ. ಉಸಿರಾಟದ ಗತಿಯನ್ನು ಆಳುವುದು ಮುಖ್ಯವಾಗಿ ರಕ್ತದಲ್ಲಿರುವ ಇಂಗಾಲದ ಡೈ ಆಕ್ಸೈಡ್ ಎಂದು 1905ರಲ್ಲಿ ತೋರಿಸಿದರು. ಸಮುದ್ರದಲ್ಲಿ ಮುಳುಗುವವರು ಪ್ರಾಣಾಪಾಯವಿಲ್ಲದೆ ಹಂತಹಂತವಾಗಿ ಮೇಲೇರುವ ಕ್ರಮವನ್ನು 1908ರಲ್ಲಿ ರೂಪಿಸಿಕೊಟ್ಟರು. 1911ರಲ್ಲಿ ಅಮೆರಿಕದ ಪೈಕ್ಸ್ ಶಿಖರದ ಮೇಲೆ ಎತ್ತರದ ಗಾಳಿಯನ್ನು ಅಭ್ಯಸಿಸಿದರು. 1915ರ ಯುದ್ಧದಲ್ಲಿ ಜರ್ಮನರು ವಿಷಗಾಳಿ ಬಿಟ್ಟಾಗ ಸರ್ಕಾರ ಅವರನ್ನೇ ಫ್ರಾನ್ಸಿಗೆ ಕಳಿಸಿತು. ಅದು ಕ್ಲೋರಿನ್ ಎಂದು ಅವರು ಖಚಿತಪಡಿಸಿದರು.

ಸರ್ಕಾರ 1906ರಲ್ಲಿ ನೇಮಿಸಿದ ಗಣಿಗಳ ರಾಜ ಆಯೋಗದಲ್ಲಿ ಅವರು ಸದಸ್ಯರಾಗಿದ್ದರು. 1911ರಲ್ಲಿ ಹೊಸ ಗಣಿ ಕಾನೂನು ಬಂತು. ಮರುವರ್ಷದಿಂದ ಡಾನ್‌ಕಾಸ್ಟರಿನ ಬಳಿ ಗಣಿ ಸಂಶೋಧನೆಗೆಂದೇ ಕಟ್ಟಿದ ಪ್ರಯೋಗಾಲಯದ ನಿರ್ದೇಶಕರಾದರು. ಆದರೆ ಕಾನೂನು ಕಾಗದದಲ್ಲಿದ್ದರೆ ಸಾಲದಷ್ಟೆ. 1913ರ ಅಕ್ಟೋಬರ್ 14ರಂದು ವೇಲ್ಸಿನ ಸೆಂಗೆನಿದ್ ಗಣಿಯ ಸ್ಫೋಟದಲ್ಲಿ 439 ಕಾರ್ಮಿಕರೂ ಒಬ್ಬ ರಕ್ಷಕನೂ ಸತ್ತರು. ಅಗತ್ಯ ಬಿದ್ದರೆ ಗಾಳಿಯ ಓಟವನ್ನು ಕೂಡಲೇ ಹಿಮ್ಮುಖವಾಗಿಸುವ ಸಾಧನ ಇರಬೇಕೆಂದು ಹೊಸ ಕಾನೂನು ವಿಧಿಸಿತ್ತು. ಅಲ್ಲಿ ಅದು ಸಿದ್ಧವಾಗಿರಲಿಲ್ಲ. ನ್ಯಾಯಾಲಯ ವಿಧಿಸಿದ್ದು ಕೆಲವೇ ಪೌಂಡುಗಳ ದಂಡ. ತಿಳಿವಳಿಕೆ ಬೇರೆ, ಅದನ್ನು ನಡೆಸುವ ಮನಸ್ಸು ಬೇರೆ ಎಂಬುದಕ್ಕೆ ಇದಕ್ಕಿಂತ ಕಹಿಯಾದ ಸಾಕ್ಷಿ ಬೇಕಿಲ್ಲ.

ಹಾಲ್ಡೇನರೂ ತಪ್ಪಿದ್ದುಂಟು, ಅದನ್ನು ಮುಚ್ಚಿಟ್ಟರೆ ಅವರಿಗೆ ಗೌರವವಲ್ಲ. ಸಿಲಿಕಾ ಧೂಳಿನ ಕೇಡನ್ನು ಅಷ್ಟು ಸ್ಪಷ್ಟವಾಗಿ ಕಂಡ ಅವರು, ಕಲ್ಲಿದ್ದಲಿನ ಧೂಳು ಶ್ವಾಸಕೋಶಕ್ಕೆ ಅಷ್ಟೇನೂ ಹಾನಿಯಲ್ಲವೆಂದು ಕೊನೆಯವರೆಗೂ ನಂಬಿದ್ದರು. ಅವರ ಹಿರಿತನದಿಂದಾಗಿ ಆ ಮಾತಿಗೂ ಬೆಲೆ ಬಂತು. ಅವರು ತೀರಿಕೊಂಡ ಮೇಲೆ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯವರು ವೇಲ್ಸಿನ ಗಣಿಗಳಲ್ಲಿ ಪರೀಕ್ಷೆ ನಡೆಸಿ, ಕಲ್ಲಿದ್ದಲಿನ ಧೂಳೂ ಕೊಲ್ಲುತ್ತದೆ ಎಂದು ತೋರಿಸಿದರು. 1943ರಿಂದ ಅಂಥ ರೋಗಿಗಳಿಗೆ ಪರಿಹಾರ ದೊರೆಯಿತು. ಹಿರಿಯರ ಮಾತನ್ನೂ ಪರೀಕ್ಷಿಸಿ ನೋಡಬೇಕು. ಹಾಲ್ಡೇನರು ಬಾಳಿನುದ್ದಕ್ಕೂ ಮಾಡಿದ್ದು ಅದನ್ನೇ ತಾನೆ?

1934ರಲ್ಲಿ ರಾಯಲ್ ಸೊಸೈಟಿಯು ಅವರಿಗೆ ತನ್ನ ಅತ್ಯುನ್ನತ ಕೋಪ್ಲಿ ಪದಕ ನೀಡಿತು. ಎಪ್ಪತ್ತೈದರ ವಯಸ್ಸಿನಲ್ಲಿಯೂ ಅವರು ಸುಮ್ಮನೆ ಕೂರಲಿಲ್ಲ. ಎಣ್ಣೆ ಕೆಲಸಗಾರರಿಗೆ ಬಿಸಿಲ ಬೇಗೆಯಿಂದಾಗುವ ಕೇಡನ್ನು ತಿಳಿಯಲು ಪರ್ಷಿಯಾ, ಇರಾಕ್ ದೇಶಗಳಿಗೆ ಹೋಗಿಬಂದರು. ಹಿಂದಿರುಗಿದ ಕೆಲವೇ ದಿನಗಳಲ್ಲಿ ನ್ಯುಮೋನಿಯಾ ತಗುಲಿ, 1936ರ ಮಾರ್ಚ್ 14ರ ನಡುರಾತ್ರಿಯಲ್ಲಿ ಆಕ್ಸ್‌ಫರ್ಡಿನಲ್ಲಿ ಕೊನೆಯುಸಿರೆಳೆದರು.

ನಮ್ಮ ದೇಶಕ್ಕೂ ಈ ಕಥೆಗೂ ನಂಟಿದೆ. 1897ರಲ್ಲಿ ಕೋಲಾರದ ಚಿನ್ನದ ಗಣಿಯ ದುರಂತದಲ್ಲಿ 52 ಮಂದಿ ಮಡಿದರು. ಅದೂ ಬಲೂಚಿಸ್ತಾನದ ಖೋಸ್ತ್ ಗಣಿಯ ದುರಂತವೂ ಸೇರಿ 1901ರ ಗಣಿ ಕಾಯಿದೆಗೆ ಕಾರಣವಾದವು. 1902ರ ಜನವರಿ 7ರಂದು ಕಲ್ಕತ್ತೆಯಲ್ಲಿ ಗಣಿ ತಪಾಸಣೆಯ ಕಚೇರಿ ಆರಂಭವಾಯಿತು. ಅದೇ ಇಂದು ಧನಬಾದಿನಲ್ಲಿರುವ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ. ಸ್ವತಂತ್ರ ಭಾರತ ಸರ್ಕಾರ 1956ರಲ್ಲಿ ಧನಬಾದಿನಲ್ಲಿಯೇ ಗಣಿ ಸಂಶೋಧನಾ ಕೇಂದ್ರವನ್ನು ತೆರೆಯಿತು. ಶಿಲೆಗಳ ಒತ್ತಡ, ಸಿಡಿತಗಳನ್ನು ಅಭ್ಯಸಿಸುವ ರಾಷ್ಟ್ರೀಯ ಸಂಸ್ಥೆ 1988ರಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿಯೇ ಹುಟ್ಟಿತು. 3 ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದ ಆ ಗಣಿ 2001ರಲ್ಲಿ ಮುಚ್ಚಿತು. ಹಾಲ್ಡೇನರ ಮಗ ಜ್ಯಾಕ್, ಅಂದರೆ ಪ್ರಸಿದ್ಧ ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್, 1957ರಲ್ಲಿ ಭಾರತಕ್ಕೆ ಬಂದು ಈ ದೇಶದ ಪ್ರಜೆಯಾದರು. 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ಅವರ ಇಚ್ಛೆಯಂತೆ ದೇಹವನ್ನು ಕಾಕಿನಾಡದ ವೈದ್ಯಕೀಯ ಕಾಲೇಜಿಗೆ ಒಪ್ಪಿಸಲಾಯಿತು. ತನ್ನ ದೇಹವನ್ನು ಜ್ಞಾನಕ್ಕೆ ಒಡ್ಡುವ ತಂದೆಯ ಪಾಠ ಅಲ್ಲಿಗೆ ಪೂರ್ಣವಾಯಿತು.

ಕೊನೆಯಲ್ಲಿ ಮತ್ತೆ ನಮ್ಮ ಬಾವಿಯ ಕಟ್ಟೆಗೇ ಬರೋಣ. ಹಾಳುಬಾವಿಯಲ್ಲಿ, ಮಲದ ಗುಂಡಿಯಲ್ಲಿ ಒಬ್ಬ ಬಿದ್ದ, ಎತ್ತಲು ಹೋದ ಇನ್ನೊಬ್ಬ ಬಿದ್ದ, ಮೂರನೆಯವನೂ ಬಿದ್ದ ಎಂಬ ಸುದ್ದಿಯನ್ನು ಇಂದಿಗೂ ಪತ್ರಿಕೆಗಳಲ್ಲಿ ಓದುತ್ತೇವೆ. ಬಿದ್ದವನ ಮೇಲಿನ ಪ್ರೀತಿಯೇ ಉಳಿದವರನ್ನು ಕೊಲ್ಲುತ್ತದೆ. ಆದ್ದರಿಂದ ನೆನಪಿಡಿ. ಯಾರಾದರೂ ಒಳಗೆ ಕುಸಿದರೆ ಹಿಂದೆಯೇ ಇಳಿಯಬೇಡಿ. ಕೂಗಿ ಜನ ಸೇರಿಸಿ, ಅಗ್ನಿಶಾಮಕ ದಳವನ್ನು ಕರೆಯಿರಿ, ಸಾಧ್ಯವಾದರೆ ಹೊರಗಿನಿಂದಲೇ ಗಾಳಿ ಹಾಯಿಸಿ. ಮಲದ ಗುಂಡಿಯ ಬಳಿಗೆ ದೀಪವನ್ನು ಒಯ್ಯಲೇಬೇಡಿ. ಅಲ್ಲಿ ಉರಿಗಾಳಿಯಿದ್ದರೆ ಸಿಡಿಯುತ್ತದೆ. ಬಾವಿಯಲ್ಲಿಯೂ ದೀಪದ ಮಾತನ್ನು ಪೂರ್ತಿ ನಂಬಬೇಡಿ. ಅದು ಅರ್ಧ ಸತ್ಯವನ್ನು ಮಾತ್ರ ಹೇಳುತ್ತದೆ ಎಂದು ಹಾಲ್ಡೇನರು ತೋರಿಸಿಕೊಟ್ಟಿದ್ದಾರೆ. ನೀರೆತ್ತುವ ಎಣ್ಣೆ ಪಂಪನ್ನು ಬಾವಿಯೊಳಗೆ ಇಳಿಸಿ ನಡೆಸಿದರೆ ಅದರ ಹೊಗೆಯಲ್ಲಿಯೇ ಬಿಳಿಗಾಳಿಯಿರುತ್ತದೆ.

ಕಣ್ಣಿಗೆ ಕಾಣದ ಗಾಳಿಯನ್ನು ಕಾಣುವಂತೆ ಮಾಡಿದವರು ಹಾಲ್ಡೇನರು. ದೊಡ್ಡ ಮನೆಯಲ್ಲಿ ಹುಟ್ಟಿ, ನೆಲದಡಿ ದುಡಿಯುವವನ ಉಸಿರಿಗೂ ಮಂತ್ರಿಯ ಉಸಿರಿಗೂ ಒಂದೇ ಬೆಲೆಯೆಂದು ಬಾಳಿ ತೋರಿದರು. ನಮ್ಮ ಶಾಲೆಯಿಂದ ನಾಳೆ ವೈದ್ಯರು, ಇಂಜಿನಿಯರರು ಹೊರಡಲಿ. ಗಣಿಯ ತಪಾಸಕರೂ ಹೊರಡಲಿ. ಎಲ್ಲಿಯೇ ಇರಲಿ, ಸಾವೊಂದು ನಡೆದಾಗ ವಿಧಿ ಎಂದು ತಲೆಬಾಗಿ ಹೋಗದೆ, ಏಕೆ ಎಂದು ಕೇಳುವ ಧೈರ್ಯ ಅವರಿಗಿರಲಿ ಎಂದು ಹಾರೈಸುತ್ತೇವೆ.